ಪಂದ್ಯದ ಕಾರು ಹದ ಮಾಡುವ ಮರಿಯಣ್ಣ

ಚಾಮರಾಜಪೇಟೆಯ ಬೀದಿಗೆ ಹಾಲಿನವರು ಬರುವ ಮೊದಲೇ ಶೀನಣ್ಣನವರ ಗ್ಯಾರೇಜಿನ ತಗಡಿನ ಬಾಗಿಲು ಕಿರುಗುಟ್ಟುತ್ತದೆ. ಮರಿಯಣ್ಣ ನೀಲಿ ಫಿಯೆಟ್ ಕಾರಿಗೆ ಭುಜ ಕೊಟ್ಟು, ತಳ್ಳಿಕೊಂಡೇ ಹೊರಗೆ ತರುತ್ತಾರೆ. ಎದುರು ಮನೆಯಲ್ಲಿ ಬಾಣಂತಿ ಇದ್ದಾಳೆ. ಕೂಸು ಬೆಚ್ಚಿ ಏಳಬಾರದೆಂದು, ಬೀದಿಯ ತಿರುವು ದಾಟುವವರೆಗೆ ಅವರು ಎಂಜಿನ್ ಚಾಲೂ ಮಾಡುವುದಿಲ್ಲ.

ಆಮೇಲೆ ಮೈಸೂರು ರಸ್ತೆ. ಬಿಚ್ಚಿ ಕಟ್ಟಿದ ಹೊಸ ಎಂಜಿನ್ನನ್ನು ಒಮ್ಮೆಲೇ ಜೋರಾಗಿ ಓಡಿಸಿದರೆ ಕೆಟ್ಟುಹೋಗುತ್ತದೆ. ಬಿಡದಿಯವರೆಗೆ ನಿಧಾನಕ್ಕೆ ಹೋಗಿ ಬಂದು, ಮಾರನೆಯ ದಿನ ಇನ್ನೊಂದಿಷ್ಟು ವೇಗ ಕೂಡಿಸಿ, ವಾರಗಟ್ಟಲೆ ಹದಕ್ಕೆ ತರಬೇಕು. "ಮಗೀಗೆ ತಿನ್ಸೋದ್ ಕಲ್ಸಲ್ವಾ, ಹಂಗೆ. ಮೊದ್ಲು ಗಂಜಿ, ಆಮೇಲ್ ತಾನೆ ಮುದ್ದೆ," ಎನ್ನುತ್ತಾರೆ ಮರಿಯಣ್ಣ.

ಹೀಗೆ ಹದಕ್ಕೆ ಬಂದ ಕಾರನ್ನು ಫೆಬ್ರವರಿಯಲ್ಲಿ, ಮದರಾಸಿನ ಹತ್ತಿರದ ಶೋಲಾವರಂ ಪಂದ್ಯದಲ್ಲಿ ಓಡಿಸುವವರು ಮಲ್ಲೇಶ್ವರದ ರಾಮಸ್ವಾಮಿ. ಸೂಟಿನ ಬಟ್ಟೆ ಮಾಡುವ ಕಂಪನಿಯೊಂದು ಅವರಿಗೆ ಕಾರು ಕೊಡಿಸಿದೆ. ಅವೆನ್ಯೂ ರಸ್ತೆಯ ಬಟ್ಟೆ ಅಂಗಡಿಗಳ ಗೋಡೆಯ ಮೇಲೆಲ್ಲ ಅವರ ನಗುಮುಖವಿದೆ.

ಎಪ್ಪತ್ತರ ದಶಕದಲ್ಲಿ ಇಬ್ಬರೂ ಮೋಟಾರ್ ಸೈಕಲ್ ಪಂದ್ಯದವರು. ಮಾಮೂಲ್‌ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದವರ ಮಗ ಮರಿಯಣ್ಣ. ರಾಮಸ್ವಾಮಿ ಮೇಷ್ಟರ ಮಗ. ಇಬ್ಬರ ಬೈಕೂ ಶೀನಣ್ಣನವರ ಗ್ಯಾರೇಜಿನಲ್ಲೇ ತಯಾರಾಗಿ, ಒಂದೇ ಲಾರಿಯಲ್ಲಿ ಹಗ್ಗ ಬಿಗಿಸಿಕೊಂಡು ಮದರಾಸಿಗೆ ಹೋಗುತ್ತಿದ್ದವು. ಹೆಚ್ಚಿನ ಸಲ ಮುಂದೆ ಬರುತ್ತಿದ್ದದ್ದು ಮರಿಯಣ್ಣನ ಬೈಕು. ಎಪ್ಪತ್ತೊಂಬತ್ತರಲ್ಲಿ ಒಂದು ತಿರುವಿನಲ್ಲಿ ಬಿದ್ದು ಮರಿಯಣ್ಣನ ದವಡೆ ಮುರಿಯಿತು. ಮೂಳೆ ಕೂಡಿತು, ಎಡಗೆನ್ನೆ ಮಾತ್ರ ಸೊಟ್ಟಗೆ ಎಳೆದುಕೊಂಡೇ ಉಳಿಯಿತು.

"ಆಮೇಲೆ ನಗೋದೇ ಬಿಟ್ಬಿಟ್ರು," ಎನ್ನುತ್ತಾರೆ ಹೆಂಡತಿ ಗಂಗರತ್ನಮ್ಮ. ಒಂದು ಕ್ಷಣ ಬಿಟ್ಟು, ಗಂಡನಿಗೆ ಕೇಳಲೆಂದೇ ದನಿ ಏರಿಸುತ್ತಾರೆ: "ಅದಕ್ ಮುಂಚೆನೂ ಏನ್ ಮನ್ಮಥ ಆಗಿರ್ಲಿಲ್ಲ ಬಿಡಿ!"

ಮೂವತ್ತು ದಾಟಿದ ಬೈಕಿನವರು ಕಾರಿನ ಕಡೆ ನೋಡತೊಡಗುತ್ತಾರೆ. ಬಿದ್ದು ಬಿದ್ದು ಮೈ ಸೋತಿರುತ್ತದೆ. ಕಾರಿನಲ್ಲಾದರೆ ಸುತ್ತ ತಗಡಾದರೂ ಇರುತ್ತದೆ. ಆದರೆ ಪಂದ್ಯದ ಕಾರನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದು ಬಡವರ ಕೈಲಾಗದ ಮಾತು. ಯಾವುದಾದರೂ ಕಂಪನಿ ಕೊಡಿಸಬೇಕು. ಕೊಡಿಸುವವರಿಗೆ ವೇಗದಷ್ಟೇ ಮುಖವೂ ಮುಖ್ಯ.

ಎಂಬತ್ತೆರಡರಲ್ಲಿ ಬಟ್ಟೆ ಕಂಪನಿಯವರು ಇಬ್ಬರನ್ನೂ ಕರೆಸಿ ಕಾರಿನಲ್ಲಿ ಕೂರಿಸಿ ನೋಡಿದರು. ಮೊದಮೊದಲು ಇಬ್ಬರದೂ ಒಂದೇ ಅವಸ್ಥೆ. ಬೈಕಿನ ಅಭ್ಯಾಸಕ್ಕೆ ಬಲಗೈ ಬೆರಳುಗಳು ಸ್ಟೀರಿಂಗಿನಲ್ಲೇ ಬ್ರೇಕು ಹುಡುಕುತ್ತಿದ್ದವು, ತಿರುವು ಬಂದರೆ ಮೈ ತಾನಾಗಿಯೇ ಒಂದು ಪಕ್ಕಕ್ಕೆ ವಾಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮರಿಯಣ್ಣನ ಕೈ ಕುದುರಿತು. ರಾಮಸ್ವಾಮಿಯೇ ಚಪ್ಪಾಳೆ ತಟ್ಟಿ, "ನಿನ್ ಮುಂದೆ ನಾನ್ಯಾವ ಲೆಕ್ಕ ಮಚ್ಚಾ" ಅಂದರಂತೆ.

ಆಮೇಲೆ ಫೋಟೋದವನು ಬಂದ. ರಾಮಸ್ವಾಮಿ ಹೆಲ್ಮೆಟ್ ತೆಗೆದು, ತಲೆ ಬಾಚಿ, ಕಾರಿಗೆ ಒರಗಿ ನಿಂತರು. ಅಷ್ಟರಲ್ಲಿ ಮರಿಯಣ್ಣನಿಗೆ ಎಂಜಿನ್ನಿನೊಳಗೆ ಸಣ್ಣದೊಂದು ಟಿಕ್‌ಟಿಕ್ ಕೇಳಿಸಿತ್ತು. ಬಿಸಿಯಿದ್ದಾಗ ಕೇಳಿಸಿದ ಸದ್ದು ಆರಿದ ಮೇಲೆ ಸಿಗುವುದಿಲ್ಲ, ಆಗಲೇ ಹುಡುಕಬೇಕು ಎನ್ನುವುದು ಶೀನಣ್ಣನವರ ಗ್ಯಾರೇಜಿನ ಪಾಠ. ಕರೆದಾಗಲೆಲ್ಲ "ಒಂದ್ನಿಮ್ಷ ಸಾರ್" ಎನ್ನುತ್ತ ಅವರು ಬಾನೆಟ್ಟಿನೊಳಗೇ ಬಾಗಿದ್ದರು. ಗೋಡೆಗೆ ಬಂದ ಚಿತ್ರದಲ್ಲಿ ರಾಮಸ್ವಾಮಿಯ ಹೆಗಲ ಹಿಂದೆ ಬಗ್ಗಿದ ಬೆನ್ನೊಂದು ಕಾಣುತ್ತದೆ. ಅದು ಮರಿಯಣ್ಣನದು.

"ಮರಿಯಣ್ಣ ಜೋರಾಗ್ ಓಡಿಸ್ತಾರೆ, ಒಪ್ಕೋತೀನಿ," ಎಂದರಂತೆ ಕಂಪನಿಯವರು ಶೀನಣ್ಣನ ಹತ್ತಿರ. "ಆದ್ರೆ ನಾವು ಮಾರೋದು ಸೂಟು ಕಣ್ರೀ. ಸೂಟ್ ಹಾಕ್ಕೊಂಡ್ ನಿಂತ್ರೆ ಜನ ತಿರುಗಿ ನೋಡ್ಬೇಕು."

ಆವತ್ತು ಬಾನೆಟ್ ಎತ್ತದೆ ಫೋಟೋಗೆ ನಿಂತಿದ್ದರೆ? ಮರಿಯಣ್ಣ ಕೈಯ ಗ್ರೀಸು ಒರೆಸಿಕೊಳ್ಳುತ್ತಾರೆ. "ನಿಂತಿದ್ರೂ ಇದೇ ಮೂತಿ ತಾನೆ."

ಗೆಳೆತನಕ್ಕೇನೂ ಊನವಾಗಿಲ್ಲ. ಮರಿಯಣ್ಣ ಓಡಿಸಿ ಸರಿಯಿದೆ ಅನ್ನದೆ ರಾಮಸ್ವಾಮಿ ಕಾರು ಹತ್ತುವುದಿಲ್ಲ. "ಹೆಂಗಿದಾಳೋ ನಮ್ಮ ನೀಲಿ?" ಎಂದು ಅವರು ಕೇಳಿದರೆ, "ಮೂರ್ನೇ ಗೇರಲ್ಲಿ ಗೊಣಗ್ತಾಳೆ ಗುರು, ಥೇಟ್ ನಿನ್ ಹಂಗೆ" ಎಂಬ ಉತ್ತರ ಬರುತ್ತದೆ.

ಈ ವರ್ಷ, ಎಂಬತ್ತಾರರಲ್ಲಿ, ಕಂಪನಿ ಎರಡನೆಯ ಕಾರು ಕೊಟ್ಟಿತು. ಅದನ್ನು ಮರಿಯಣ್ಣನಿಗೇ ಕೊಡಿ ಎಂದು ಶೀನಣ್ಣನೂ ಕೇಳಿದರು, ರಾಮಸ್ವಾಮಿಯೂ ಕೇಳಿದರು. ನೋಡೋಣ ಎಂಬ ಮಾತು ಬಂತು. ಆ ಒಂದು ಮಾತಿನ ಮೇಲೆ ಮರಿಯಣ್ಣ ಮಳೆಗಾಲವೆಲ್ಲ ಕೂತು ಆ ಬಿಳಿ ಕಾರನ್ನು ಪಂದ್ಯಕ್ಕೆಂದು ಬಿಚ್ಚಿ ಕಟ್ಟಿದರು. ಗಂಗರತ್ನಮ್ಮ ಬಸವನಗುಡಿಯ ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರದ ಹರಕೆ ಹೊತ್ತರು.

ಕಳೆದ ವಾರ ರಾಮಸ್ವಾಮಿ ಬಂದರು. ಸ್ಕೂಟರಿನಿಂದ ಇಳಿಯಲಿಲ್ಲ.

"ಮರಿ, ಮದ್ರಾಸಿನ್ ಹುಡುಗನ್ನ ತಗೊಂಡ್ರು ಕಣೋ. ಬೈಕಲ್ಲಿ ಒಂದೆರಡು ಸಲ ಗೆದ್ದಿದಾನೆ. ಸೋಪಿನ ಜಾಹೀರಾತಲ್ಲೂ ಬರ್ತಾನೆ."

"ಓಡಿಸ್ತಾನಾ ಚೆನ್ನಾಗಿ?"

"ಕಲೀತಾನೆ."

ಮರಿಯಣ್ಣ ಬಿಳಿ ಕಾರಿನ ಸೀಟಿನ ಕಡೆ ನೋಡಿದರು. "ಎತ್ತರ ಹೆಂಗಿದಾನೆ?"

"ನಿನಗಿಂತ ಒಂದ್ ಗೇಣು ಜಾಸ್ತಿ."

ಬುತ್ತಿ ತಂದಿದ್ದ ಗಂಗರತ್ನಮ್ಮ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡರು. "ಹೋಗ್ಲಿ, ಗಣಪತಿಗೂ ಬೆಣ್ಣೆ ಬೇಡ್ವಾಯ್ತು," ಎಂದಷ್ಟೇ ಹೇಳಿ, ತಟ್ಟೆಗೆ ಅನ್ನ ಬಡಿಸಿದರು. ಆವತ್ತು ಅವರು ಊಟ ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದರು.

ಈಗ ಮರಿಯಣ್ಣ ಬಿಳಿ ಕಾರಿನೊಳಗೆ ಮಂಡಿಯೂರಿ ಕೂತಿದ್ದಾರೆ. ಪಂದ್ಯದ ಕಾರಿನ ಸೀಟು ಮನೆಯ ಕಾರಿನಂತೆ ಹಿಂದೆ ಮುಂದೆ ಜರುಗುವುದಿಲ್ಲ. ಓಡಿಸುವವರ ಕಾಲಿನ ಅಳತೆ ನೋಡಿ, ನೆಲದ ತಗಡಿಗೆ ತೂತು ಕೊರೆದು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಯಾರೂ ಹೇಳದಿದ್ದರೂ ಅವರು ತಮ್ಮ ಕಾಲಿನ ಅಳತೆಗೇ ಕೊರೆದುಬಿಟ್ಟಿದ್ದರು. ಅದನ್ನೀಗ ಬಿಚ್ಚಿ, ಒಂದು ಗೇಣು ಹಿಂದಕ್ಕೆ ಹೊಸ ತೂತು ಕೊರೆದಿದ್ದಾರೆ.

ಏನಾದರೂ ಆಸೆಯಿತ್ತೇ ಎಂದರೆ ತಲೆ ಎತ್ತದೆ ಮಾತಾಡುತ್ತಾರೆ. "ಪಂದ್ಯ ಶುರು ಮಾಡೋ ಬಾವುಟ ಬೀಳೋವಾಗ ಒಂದ್ಸಲ ಕಾರೊಳಗ್ ಕೂತಿರ್ಬೇಕು ಅಂತಿತ್ತು. ಕೊನೇ ಸಾಲಲ್ಲಾದ್ರೂ ಸೈ."

ಸೀಟು ಕೂತಾಯಿತು. ಆದರೂ ಅವರು ಇಳಿಯುವುದಿಲ್ಲ. ತಗಡಿನ ಚೂರು ಕತ್ತರಿಸಿಕೊಂಡು ಹಳೆಯ ತೂತುಗಳನ್ನು ಒಂದೊಂದಾಗಿ ಮುಚ್ಚತೊಡಗುತ್ತಾರೆ.

"ಹಂಗೇ ಬಿಟ್ರೆ ಕೆಳಗಿಂದ ಧೂಳ್ ಬರುತ್ತೆ," ಎನ್ನುತ್ತಾರೆ. "ತಿರುವಲ್ಲಿ ಹುಡುಗನ್ ಕಣ್ಣಿಗೆ ಬಿದ್ರೆ ಕಷ್ಟ."