ಅಕ್ಕ ಬೇಡವೆಂದಿದ್ದ ಡಬ್ಬಿ

ಬೇಸಿಗೆಯ ಮೊದಲ ಕ್ಯಾಂಪಿಗೆ ಮುಂಚೆ ಟ್ರೇಲರ್ ತೊಳೆಯೋಣವೆಂದು ಹೋದ ಶನಿವಾರ ಅದರ ಬಾಗಿಲು ತೆಗೆದೆ. ಟ್ರೇಲರ್ ಎಂದರೆ ಹಾಸಿಗೆ, ಒಲೆ, ಸಿಂಕು ಎಲ್ಲ ಇರುವ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಒಲೆಯ ಮೇಲಿನ ಕಪಾಟು ಒರೆಸುವಾಗ ಅಗಸೆ ಹಿಂಡಿಯ, ಅದೇ ಅಗಸೆಬೀಜದ ಚಟ್ನಿಪುಡಿಯ, ವಾಸನೆ ಬಂತು. ಡಬ್ಬವೂ ಇರಲಿಲ್ಲ, ಪುಡಿಯೂ ಇರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅಗಸೆ ತಿಂದವರೇ ಇಲ್ಲ. ಅದರ ರುಚಿ ಹತ್ತಿಸಿದವರು ಈ ಪರದೇಶದಲ್ಲಿ, ಕ್ರಾಸ್‌ರೋಡ್ಸ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಅಕ್ಕ.

ಸ್ವಂತ ಅಕ್ಕನಲ್ಲ. ಬಾಗಲಕೋಟೆ ಕಡೆಯವರು. ವಾರವಿಡೀ ಆಫೀಸಿನಲ್ಲಿ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವರ ಕೆಲಸ. ಶನಿವಾರ ಬಂತೆಂದರೆ ನಾವು ಹೊಡೆದ ಡೇರೆಯ ಗೂಟಗಳಲ್ಲಿ ತಪ್ಪು ಹುಡುಕುತ್ತಿದ್ದರು. ಸುತ್ತಿಗೆ ಮುಟ್ಟುತ್ತಿರಲಿಲ್ಲ, ಕಲ್ಲಿನಲ್ಲೇ ಜಜ್ಜುತ್ತಿದ್ದರು. ನನ್ನ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಅವರ ಪಾಲಿಗೆ ನಾನು "ಮೈಸೂರು".

ಇಸ್ಸಾಕ್ವಾ ದಾಟಿ ಬೆಟ್ಟದ ಕಡೆ ಹೋದರೆ ಒಂದು ಕೆರೆ, ಅದರ ದಡದಲ್ಲಿ ಕ್ಯಾಂಪಿನ ಜಾಗ. ನಾಲ್ಕು ಕನ್ನಡದ ಮನೆಗಳು, ನಾಲ್ಕು ಡೇರೆ. ಇಲ್ಲಿ ಜೂನ್ ಎಂದರೆ ಬೇಸಿಗೆ, ಆದರೂ ಊಟವಾಗುವ ಹೊತ್ತಿಗೆ ಮಳೆ ಹಿಡಿದುಕೊಳ್ಳುತ್ತಿತ್ತು. ಎಲ್ಲರೂ ಅವರವರ ಡೇರೆ ಸೇರುತ್ತಿದ್ದೆವು. ನಿಜವಾದ ಕ್ಯಾಂಪು ಶುರುವಾಗುತ್ತಿದ್ದುದೇ ಆಗ. ಅಕ್ಕ ತಮ್ಮ ಡೇರೆಯಲ್ಲಿ ಮಲಗಿಕೊಂಡೇ ಒಂದು ಮಾತು ಎಸೆಯುತ್ತಿದ್ದರು. "ಏ ಮೈಸೂರು, ನಿನ್ನ ಗಂಡ ಗೊರಕಿ ಹೊಡ್ಯಾಕ ಹತ್ಯಾನ. ನಿದ್ದೀನೋ, ನಾಟಕಾನೋ?" ಮೂರನೆಯ ಡೇರೆಯವರು ಅದಕ್ಕೆ ಒಗ್ಗರಣೆ ಹಾಕುತ್ತಿದ್ದರು. ಬಟ್ಟೆಯ ಗೋಡೆ ಯಾವ ಮಾತನ್ನೂ ತಡೆಯುತ್ತಿರಲಿಲ್ಲ. ಮುಖ ಕಾಣದ್ದರಿಂದ ಜನ ಎದುರಿಗೆ ಹೇಳದ್ದನ್ನೂ ಹೇಳಿಬಿಡುತ್ತಿದ್ದರು. ಕೆಲಸ ಹೋಯಿತೆಂದು ನನ್ನ ಗಂಡ ಮೊದಲು ಬಾಯಿಬಿಟ್ಟದ್ದು ಹಾಗೇ, ಡೇರೆಯ ಸೂರು ನೋಡುತ್ತ, ಎಲ್ಲರಿಗೂ ಕೇಳುವಂತೆ. ಪಕ್ಕದಲ್ಲಿ ಮಲಗಿದ್ದ ನನಗೂ ಗೊತ್ತಾದದ್ದು ಆಗಲೇ. ಆಮೇಲೆ ಅಕ್ಕನ ದನಿ ಬಂತು: "ಹೋದ್ರ ಹೋಗ್ಲಿ ಬಿಡೋ. ಈಗ ಚಾ ಯಾರು ಮಾಡ್ತೀರಿ ಅದನ್ನ ಹೇಳ್ರಿ."

ನನ್ನ ಗಂಡನಿಗೆ ಮೊದಲಿನಿಂದಲೂ ಟ್ರೇಲರಿನ ಹುಚ್ಚು. ಫೋನಿನಲ್ಲಿ ಅದರದ್ದೇ ಚಿತ್ರ ನೋಡುತ್ತಿದ್ದ. ಅಕ್ಕನಿಗೆ ಒಮ್ಮೆ ತೋರಿಸಿದ, ಸಿಕ್ಕಿಬಿದ್ದ. "ಒಲಿ ಬಾಜೂಕs ಪಾಯಖಾನಿ! ಶಿವನೇ! ಮನಿ ಹೊತಗೊಂಡು ಕಾಡಿಗೆ ಹೋಗೋದಾದ್ರ ಮನ್ಯಾಗs ಇರಬಾರದೇನು?" ಅಂದಿನಿಂದ ಟ್ರೇಲರಿಗೆ ನಮ್ಮ ಗುಂಪಿನಲ್ಲಿ "ಡಬ್ಬಿ" ಎಂದೇ ಹೆಸರಾಯಿತು. ಅವನೂ ಬಾಯಿ ಮುಚ್ಚಿಕೊಂಡ.

ಅಕ್ಕನೇ ಅದನ್ನು ಕೊಳ್ಳಲು ಹೇಳುತ್ತಾರೆಂದು ಯಾರೂ ಎಣಿಸಿರಲಿಲ್ಲ. ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಒಣಗಿದ ದುಪ್ಪಟಿ ಮಡಿಸಲು ಒಂದು ತುದಿ ನನ್ನ ಕೈಗೆ ಕೊಟ್ಟು ಹೇಳಿದರು. "ನಿನ್ನ ಗಂಡಗ ಹೇಳು, ಆ ಡಬ್ಬಿ ತಗೊಂಬಿಡ್ಲಿ. ನನಗ ಇನ್ನ ನೆಲದ ಮ್ಯಾಲೆ ಮಲಗಾಕ ಆಗಂಗಿಲ್ಲ. ಈ ವರ್ಷ ಒಮ್ಮೆ ಬರಬೇಕು ನಾ." ಯಾಕೆ ಎಂದೆ. ಎರಡೇ ಮಾತಿನಲ್ಲಿ ರೋಗದ ಹೆಸರು ಹೇಳಿ, ದುಪ್ಪಟಿಯ ತುದಿ ಸರಿಯಾಗಿ ಹಿಡಿ ಎಂದು ಗದರಿದರು. ನಾನು ಹಿಡಿದೆ. ಮಡಿಸಿ ಮುಗಿಸಿದೆವು. ಅಳಬೇಕಿತ್ತೇನೋ... ಅಳು ಬರಲಿಲ್ಲ.

ಲಿನ್‌ವುಡ್‌ನ ಒಂದು ಮನೆಯಿಂದ ಹಳೆಯ ಟ್ರೇಲರ್ ತಂದೆವು. ಗಾಲಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಹತ್ತಿಸಿದೆವು. ಒಲೆಯ ಪಕ್ಕದ ಪಾಯಖಾನೆ ಬಳಸುವುದೇ ಬೇಡ, ಈರುಳ್ಳಿ, ಅಕ್ಕಿ ಇಡೋಣ ಎಂದು ಮೊದಲು ಮಾತಾಗಿತ್ತು, ಇಟ್ಟೂ ಇದ್ದೆ. ಹೊರಡುವ ದಿನ ಎಲ್ಲ ಹೊರಗೆ ತೆಗೆದು ತೊಳೆದೆ. ಅಕ್ಕನಿಗೆ ಅದು ಬೇಕಾಗುತ್ತಿತ್ತು. ನಾನು ಅಕ್ಕಿಚೀಲ ಎತ್ತುತ್ತಿದ್ದುದನ್ನು ಉಣ್ಣೆಯ ಟೋಪಿ ಹಾಕಿಕೊಂಡು ನೋಡುತ್ತಿದ್ದರು. ತಮಾಷೆ ಮಾಡಲಿಲ್ಲ.

ಕೆರೆಯ ದಡದಲ್ಲಿ ಮೂರು ಡೇರೆ, ಪಕ್ಕದಲ್ಲಿ ಟ್ರೇಲರ್. ಒಳಗೆ ಹೀಟರ್ ಹಾಕಿ, ಮೆತ್ತಗೆ ಹಾಸಿ, ಅಕ್ಕನನ್ನು ಮಲಗಿಸಿದೆವು. ಊಟವಾಗುತ್ತಿದ್ದಂತೆ ಮಳೆ ಬಂತು. ಎಲ್ಲರೂ ಡೇರೆ ಸೇರಿದರು. ನಾನು ಅಕ್ಕನ ಕಾಲ ಬಳಿ ಕೂತೆ. ಮೇಲೆ ತಗಡಿನ ಮೇಲೆ ಒಂದೇ ಸಮನೆ ಸದ್ದು. ಅಕ್ಕ ಗೋಡೆಗೆ ಕಿವಿ ಕೊಟ್ಟು, ಏನೋ ಕೂಗಿ ನೋಡಿದರು. ಆ ಕಡೆಯಿಂದ ಉತ್ತರವಿಲ್ಲ. "ಎಲ್ಲಾ ಛಲೋ ಐತಿ," ಎಂದರು. "ಆದ್ರ ಯಾರ ಮಾತೂ ಕೇಳಸವಲ್ದು."

ಡೇರೆಗೇ ಹೋಗುತ್ತೇನೆ ಎಂದರು. ಅವರ ಗಂಡ, ನಾವು ಭಾವ ಎನ್ನುತ್ತಿದ್ದವರು, ಬಾಗಿಲಲ್ಲೇ ನಿಂತು ಬೇಡ ಎಂದರು. ನೆಗಡಿಯೂ ಆಗಬಾರದೆಂದು ಡಾಕ್ಟರು ಹೇಳಿದ್ದರು. ಭಾವ ಹೇಳಿದ್ದೂ ಸರಿಯೇ. ಆಗ ನಾನು ಛತ್ರಿ ಹಿಡಿದು ಡೇರೆಗಳ ಬಳಿ ಹೋದೆ. ಯಾರೋ ಇಸ್ಪೀಟಿನಲ್ಲಿ ಅಕ್ಕ ಮಾಡುತ್ತಿದ್ದ ಮೋಸದ ಕಥೆ ಹೇಳಿದರು. ಓಡಿ ಬಂದು ಅಕ್ಕನಿಗೆ ಒಪ್ಪಿಸಿದೆ. ಅಕ್ಕ ಕೊಟ್ಟ ಉತ್ತರವನ್ನು ಹೊತ್ತುಕೊಂಡು ಮತ್ತೆ ಓಡಿದೆ. ನಾನು ತಲುಪುವಷ್ಟರಲ್ಲಿ ಅಲ್ಲಿ ಮಾತು ಬೇರೆಲ್ಲಿಗೋ ಹೋಗಿರುತ್ತಿತ್ತು. ಅವರು ನಕ್ಕರು, ನನಗಾಗಿ. ಅಕ್ಕನೂ ನಕ್ಕರು, ನನಗಾಗಿಯೇ. ಎಷ್ಟು ಸಲ ಹೋಗಿಬಂದೆನೋ... ಕೊನೆಗೆ ಅಕ್ಕ ನನ್ನ ಒದ್ದೆ ತೋಳು ಹಿಡಿದು, "ಸಾಕು ಬಿಡು, ತೋಯಿಸಿಕೋಬ್ಯಾಡ," ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಆ ಚಳಿಗಾಲದಲ್ಲಿ ಹೋಗಿಬಿಟ್ಟರು. ಸುದ್ದಿ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಮುಗಿಸಿ, ಕುಕ್ಕರ್ ಇಟ್ಟು, ಮೇಲೆ ಅವರ ಮನೆಗೆ ಹೋದೆ. ಬಂದವರಿಗೆಲ್ಲ ಚಹಾ ಕೊಟ್ಟೆ. ನನಗೆ ಏನೂ ಆಗಲಿಲ್ಲ. ಇವತ್ತಿಗೂ ಆಗಿಲ್ಲ, ಮರಗಟ್ಟಿದ ಕಾಲಿನ ಹಾಗೆ. ಮುಟ್ಟಿದರೆ ಕಾಲಿದೆಯೆಂದು ಗೊತ್ತಾಗುತ್ತದೆ, ಅಷ್ಟೇ.

ಭಾವ ಮನೆ ಬದಲಿಸಿದರು. ಉಳಿದವರೂ ಒಬ್ಬೊಬ್ಬರಾಗಿ ಟ್ರೇಲರ್ ಕೊಂಡರು, ಮಂಡಿನೋವು, ಬೆನ್ನುನೋವು, ಎಲ್ಲರಿಗೂ ಕಾರಣವಿತ್ತು. ಈಗಲೂ ಅದೇ ಕೆರೆಗೆ ಹೋಗುತ್ತೇವೆ. ಊಟ ಒಟ್ಟಿಗೆ. ಮಳೆ ಬಂದರೆ ಟಪಟಪನೆ ಬಾಗಿಲು ಮುಚ್ಚಿಕೊಳ್ಳುತ್ತವೆ.

ಇದನ್ನು ಬರೆಯುತ್ತಿರುವುದೂ ಅಲ್ಲಿಯೇ ಕೂತು. ಈ ಸಲ ಅಕ್ಕನ ಮಗಳೂ ಬಂದಿದ್ದಾಳೆ. ಆಗ ಹೈಸ್ಕೂಲಿನಲ್ಲಿದ್ದಳು, ಅಕ್ಕನ ಡೇರೆಯಲ್ಲೇ ಮಲಗುತ್ತಿದ್ದಳು; ಈಗ ಕೆಲಸಕ್ಕೆ ಸೇರಿದ್ದಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ. ಟ್ರೇಲರಿನಲ್ಲಿ ಜಾಗವಿದೆ ಬಾರೇ ಎಂದರೆ ಕೇಳಲಿಲ್ಲ. ತಾನೇ ತಂದ ಪುಟ್ಟ ಡೇರೆಯನ್ನು ನಮ್ಮ ಗೋಡೆಗೆ ಒತ್ತಿಯೇ ಹಾಕಿಕೊಂಡಳು. ಮಧ್ಯಾಹ್ನ ಮಳೆ ಹನಿಯತೊಡಗಿದಾಗ ಬಂದು ಕಿಟಕಿ ತಟ್ಟಿದಳು.

"ಆಂಟಿ, ಇದನ್ನ ಓಪನ್ ಇಡ್ತೀರಾ? ಐ ಲೈಕ್ ಹಿಯರಿಂಗ್ ಯು ಗೈಸ್ ಟಾಕ್. ಮಾಮ್ ಜೊತೆ ಮಾತಾಡ್ತಿದ್ರಲ್ಲ, ಲೈಕ್ ದಟ್."

ಕಿಟಕಿ ಪೂರ್ತಿ ಸರಿಸಿದೆ. ಎರಚಲು ಹಾಸಿಗೆಯ ಮೇಲೆ ಬಿತ್ತು. ಅವಳು ಡೇರೆಯೊಳಗೆ ಹೋಗಿ ಜಿಪ್ ಎಳೆದುಕೊಂಡು ಮಲಗಿದ್ದು ಕೇಳಿಸಿತು. ಗಂಡ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದ. ಮೊದಲ ಮಾತು ಎಸೆಯುತ್ತಿದ್ದವರು ಯಾವಾಗಲೂ ಅಕ್ಕ. ನಾವು ಬರೀ ಉತ್ತರ ಕೊಡುತ್ತಿದ್ದವರು.

"ಏನಾದ್ರೂ ಮಾತಾಡು," ಎಂದೆ.

"ಏನ್ ಮಾತಾಡ್ಲಿ?" ಎಂದ.

ಆಚೆ ಡೇರೆಯಲ್ಲಿ ಅವಳು ಕಿವಿಗೊಟ್ಟು ಮಲಗಿಯೇ ಇದ್ದಳು.