ಕೌದಿಯ ಅಸ್ತರಿಗೆ ಹಾಕಿದ ಚಾದರ

ಕೌದಿಯ ಮೇಲಿನ ಬದಿಯನ್ನು ಎಲ್ಲರೂ ನೋಡುತ್ತಾರೆ. ಬಣ್ಣದ ತುಂಡುಗಳು ಇರುವುದು ಅಲ್ಲಿ. ಅಂಕೋಲೆಯ ನಮ್ಮ ಮನೆಯಲ್ಲಿ ಅಜ್ಜಿ ಮಾತ್ರ ಯಾವ ಕೌದಿಯನ್ನು ಕಂಡರೂ ಮೊದಲು ಮಗುಚಿ ನೋಡುತ್ತಿದ್ದಳು. ಕೆಳಗಿನ ಬದಿ, ಅಂದರೆ ಮೈಗೆ ತಾಗುವ ಅಸ್ತರು, ಒಂದೇ ಬಟ್ಟೆಯದಾಗಿರಬೇಕು ಎಂಬುದು ಅವಳ ಕಟ್ಟಳೆ. ನಡುವೆ ಜೋಡಣೆ ಇರಬಾರದು. ಅದಕ್ಕೆ ಕತ್ತರಿ ತಾಗಬಾರದು; ಬಟ್ಟೆ ದೊಡ್ಡದಾದರೆ ಅಂಚನ್ನು ಒಳಕ್ಕೆ ಮಡಚಿ ಹೊಲಿಯಬೇಕು. ಅಸ್ತರನ್ನು ಕತ್ತರಿಸಿದರೆ ಹೊದ್ದವರ ಆಯುಷ್ಯವನ್ನು ಕತ್ತರಿಸಿದ ಹಾಗೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ನನ್ನ ಅವ್ವಿ ಈ ಮಾತನ್ನು ನಂಬುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಮೀರಿದ್ದನ್ನು ನಾನು ನೋಡಿಲ್ಲ.

ಮಗ್ಗದ ಸೀರೆಯ ಅಗಲ ಕೌದಿಗೆ ಸಾಲದು, ಎಲ್ಲೋ ಒಂದು ಕಡೆ ಜೋಡಣೆ ಬಂದೇ ಬರುತ್ತದೆ. ಆದ್ದರಿಂದ ಹಾಸಿಗೆಯ ಚಾದರ ಸಿಕ್ಕಿದವರು ಅದನ್ನು ಹಾಸದೆ ಅಸ್ತರಿಗೆಂದು ಎತ್ತಿಡುತ್ತಿದ್ದರು. ಚಾಪೆಯ ಮೇಲೆ ಮಲಗುವ ನಮ್ಮಂಥ ಬೇಸಾಯದವರ ಮನೆಗೆ ಚಾದರ ಬರುವುದೇ ಅಪರೂಪ. ನಮ್ಮಲ್ಲಿ ಒಂದು ಇತ್ತು. ಮುಂಬಯಿಯಲ್ಲಿ ಆಗಬೋಟು ಎಂಬ ಉಗಿಹಡಗಿನ ಕೆಲಸಕ್ಕಿದ್ದ ಅಜ್ಜಿಯ ತಮ್ಮ ತಂದುಕೊಟ್ಟದ್ದು. ಬಿಳಿ, ನುಣುಪು, ಒತ್ತಾದ ನೇಯ್ಗೆ, ಅಂಚಿನ ಉದ್ದಕ್ಕೂ ಒಂದು ಕೆಂಪು ನೂಲಿನ ಗೆರೆ. ವಿಲಾಯಿತಿ ಗಿರಣಿಯದು.

ನನ್ನ ಅಣ್ಣ ವಿಲಾಯಿತಿ ಬಟ್ಟೆ ಸುಡಿಸುವ ತರುಣರಲ್ಲಿ ಮುಂದಿನವನು. ಮನೆಮನೆಗೆ ಹೋಗಿ ಬಟ್ಟೆ ಕೇಳುವಾಗ ಅವನು ಬಟ್ಟೆಯ ನಡುಭಾಗವನ್ನು ನೋಡುತ್ತಿರಲಿಲ್ಲ. ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ಇದು ನಮ್ಮದು, ಇದು ಅವರದು ಎಂದು ಬೇರೆ ಮಾಡುತ್ತಿದ್ದ. ನಮ್ಮ ಮನೆಯಿಂದ ಅವ್ವಿಯ ಸೀರೆ, ತೀರಿಹೋದ ಅಪ್ಪನ ಪಂಚೆಗಳು ಹೋದವು.

“ಅಜ್ಜೀ, ಮತ್ತೆಂತಾದ್ರೂ ಅದ್ಯಾ?” ಎಂದು ಅಣ್ಣ ಕೇಳಿದ.

“ನನ್ನ ಚರ್ಮ ಅದೆ. ಅದ್ನೂ ಒಯ್ಯಿ.”

ಅವನು ನಕ್ಕು ಹೋದ. ಚಾದರ ಭತ್ತದ ಕಣಜದಲ್ಲಿತ್ತು.

ಊರು ಸರ್ಕಾರಕ್ಕೆ ಭೂಮಿಯ ತೀರುವೆ ಕೊಡುವುದಿಲ್ಲವೆಂದು ನಿಂತಾಗ ಅಣ್ಣನನ್ನು ಹಿಡಿದು ಕಾರವಾರಕ್ಕೆ ಒಯ್ದರು. ಆಮೇಲೆ ಜಪ್ತಿಯವರು ಬಂದರು. ಕೊಟ್ಟಿಗೆಯ ದನ, ಹಂಡೆ, ಕಣಜದ ಭತ್ತ ಹೋದವು. ಮನೆಗೆ ಬೀಗ ಬಿತ್ತು. ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದೆವು. ಅಜ್ಜಿ ಮಾತ್ರ ಎಂದಿಗಿಂತ ದಪ್ಪವಾಗಿದ್ದಳು. ಬಾಗಿಲಲ್ಲಿ ನಿಂತಿದ್ದ ಪೊಲೀಸನೊಬ್ಬ ಅವಳನ್ನು ಮೇಲೆ ಕೆಳಗೆ ನೋಡಿದ.

“ಉಣ್ಣೂಕೆ ಇಲ್ಲ ಅಂತೀರಿ, ಹೊಟ್ಟೆ ನೋಡಿದ್ರೆ ಹಿಂಗೆ?”

“ವಾಯು ಮಗಾ, ವಾಯು. ನಿಂಗೂ ಬರ್ತದೆ, ವಯಸ್ಸಾಗ್ಲಿ.”

ಹತ್ತಿರದ ಸಂಬಂಧಿಕರು ತಮ್ಮ ಗದ್ದೆಯ ಬದಿಯ ತೆಂಗಿನ ಮಡಲಿನ ಚಪ್ಪರವನ್ನು ನಮಗೆ ಬಿಟ್ಟುಕೊಟ್ಟರು. ಅಲ್ಲಿ ಅಜ್ಜಿ ಸೊಂಟದಿಂದ ಚಾದರವನ್ನು ಸುತ್ತು ಬಿಚ್ಚಿ ತೆಗೆದಳು.

ಅಣ್ಣನ ಸುದ್ದಿ ತಂದವಳು ಬೇಲೆಕೇರಿಯ ಮೀನು ಮಾರುವ ಹೆಂಗಸು. ನಾವು ಅವಳನ್ನು ಬಾಯಿ ಎಂದೇ ಕರೆಯುತ್ತಿದ್ದೆವು, ಅವಳೂ ಅವ್ವಿಯನ್ನು ಹಾಗೇ ಕರೆಯುತ್ತಿದ್ದಳು. ಅವಳ ಗಂಡ ದೋಣಿಯಲ್ಲಿ ಕಾರವಾರಕ್ಕೆ ಸಾಮಾನು ಸಾಗಿಸುತ್ತಿದ್ದ. ಬುಟ್ಟಿ ಇಳಿಸುವ ಮೊದಲೇ ಅವಳು ಹೇಳಿದಳು:

“ಬಾಯೆ, ನಿನ್ನ ಮಗ ಕೆಮ್ಮೂದು ಕಚೇರಿ ರಸ್ತೆ ತನಕ ಕೇಳ್ತದೆ. ಬರೇ ನೆಲದ ಮೇಲೆ ಮನಗ್ತಾನೆ. ಅವ್ರನ್ನೆಲ್ಲ ಘಟ್ಟದ ಮೇಲಿನ ಜೈಲಿಗೆ ಹಾಕ್ತಾರಂತೆ. ಅಲ್ಲಿ ಚಳಿ ಅಂದ್ರೆ ನಮ್ಮಂಥ ಚಳಿ ಅಲ್ಲ ಗೋ.”

ಹಾಸಿಗೆ ಕೊಟ್ಟರೆ ಒಳಗೆ ಬಿಡುತ್ತಾರೆಯೇ ಎಂದು ಅವ್ವಿ ಕೇಳಿದಳು. ಕಾರವಾರದಲ್ಲಿ ಇರುವ ತನಕ ಬಿಡುತ್ತಾರೆ, ಮುಂದಿನದು ಗೊತ್ತಿಲ್ಲ ಎಂದಳು ಬಾಯಿ.

ಅಣ್ಣನಿಗೆ ಎಳವೆಯಿಂದ ಎದೆ ಸೋಲುತ್ತಿತ್ತು. ಮಳೆಗಾಲದ ಥಂಡಿಗೇ ಉಸಿರು ಕಟ್ಟಿ ಎದ್ದು ಕೂರುತ್ತಿದ್ದ. ಘಟ್ಟದ ಮೇಲಿನ ಒಂದು ಚಳಿಗಾಲವನ್ನು ಅವನು ಬರಿ ನೆಲದಲ್ಲಿ ಕಳೆಯಲಾರ ಎಂಬುದು ಅವ್ವಿಗೆ ಗೊತ್ತಿತ್ತು. ಅವಳು ಅತ್ತದ್ದು ನನಗೆ ನೆನಪಿಲ್ಲ. ಹಳೆಯ ಬಟ್ಟೆ ಕೇಳಲು ಅದೇ ಗಳಿಗೆ ಹೊರಟಳು.

ಮಗ್ಗದ ಹಳೆಯ ಸೀರೆಗಳು ಸಿಕ್ಕವು. ಅವು ತೊಳೆದು ತೊಳೆದು ಮೆತ್ತಗಾದವು, ಕೌದಿಯ ಒಳಪದರಕ್ಕೆ ಅಂಥವೇ ಬೇಕು. ಸುಡುವ ಬೆಂಕಿಗೆ ಹೋಗಿದ್ದು, ಜಪ್ತಿಗೆ ಹೋಗಿದ್ದು ಎಲ್ಲ ಕಳೆದ ಮೇಲೆ ಅಸ್ತರಿಗಾಗುವ ಇಡೀ ಬಟ್ಟೆ ಮಾತ್ರ ಯಾರಲ್ಲೂ ಇರಲಿಲ್ಲ. ಅಜ್ಜಿ ಚಾದರವನ್ನು ಅವ್ವಿಯ ಮುಂದೆ ಇಟ್ಟಳು.

“ಇದು ಬ್ಯಾಡ ಅತ್ತೆ. ಅವ ಹೊದಿಯೂದಿಲ್ಲ.”

“ಅವನಿಗೆ ಹೇಳ್ಕಂಡು ಹೊಲಿತ್ಯಾ? ಸತ್ರೆ ಯಾವ ಬಟ್ಟೆ ಹೊದೆಸಿದ್ರೂ ಅವ ಬ್ಯಾಡ ಅನ್ನೂದಿಲ್ಲ. ಬದುಕಿದ್ದಾಗ ಹೊದೆಸು.”

ದಾರಿ ಹೇಳಿದವಳು ಬಾಯಿ. ಬಲೆ ಗಟ್ಟಿಯಾಗಲೆಂದು ಹಾಕುವ ಮರದ ತೊಗಟೆಯ ನೀರಿನಲ್ಲಿ ಅದ್ದಿದರೆ ಕಂದು ಬಣ್ಣ ಬರುತ್ತದೆ, ನೋಡಿದವರಿಗೆ ಕೈನೂಲಿನ ದಪ್ಪ ಬಟ್ಟೆಯಂತೆ ಕಾಣುತ್ತದೆ ಎಂದಳು. ಅವಳ ಮನೆಯ ಹಿಂದೆ ಬಲೆ ಕುದಿಸುವ ದೊಡ್ಡ ಮಡಕೆಯಲ್ಲೇ ಚಾದರವನ್ನು ಅದ್ದಿ, ಮರಳಿನ ಮೇಲೆ ಒಣಗಿಸಿ ತಂದಳು. ಬಟ್ಟೆ ಕಂದಾಗಿತ್ತು. ಅಂಚಿನ ಕೆಂಪು ಗೆರೆ ಹಾಗೆಯೇ ಇತ್ತು; ಆ ನೂಲು ಬಣ್ಣ ಹಿಡಿದಿರಲಿಲ್ಲ.

“ಅಂಚು ಕತ್ತರಿಸಿ ಬಿಸಾಕು” ಎಂದಳು ಬಾಯಿ.

ಅಜ್ಜಿ ಚಾದರದ ಮೇಲೆ ಕೈಯಿಟ್ಟಳು. “ಅಸ್ತರಿಗೆ ಕತ್ತರಿಯಾ? ಜೈಲಿಗೆ ಹೋಗೂ ಹುಡುಗನ ಗೋದಡಿಗೆ?”

ಅವ್ವಿ ಕತ್ತರಿಯನ್ನು ಕೈಗೆ ತೆಗೆದುಕೊಂಡಿದ್ದಳು. ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆಮೇಲೆ ಕೆಳಗಿಟ್ಟು, ಕೆಂಪು ಗೆರೆ ಒಳಗೆ ಹೋಗುವಂತೆ ಅಂಚನ್ನು ಎರಡು ಮಡಿಕೆ ಮಡಚಿದಳು.

ಹೊಲಿಯಲು ನಾಲ್ಕೂ ಬದಿಗೆ ಕುಳಿತೆವು: ಅವ್ವಿ, ಅಜ್ಜಿ, ಬಾಯಿ, ನಾನು. ಹೊರ ಅಂಚಿನಿಂದ ಸುತ್ತುತ್ತ ನಡುವಿಗೆ ಬರುವುದು ನಮ್ಮ ಕಡೆಯ ಪದ್ಧತಿ. ಒಂದೊಂದು ಹೊಲಿಗೆಯೂ ಮೇಲಿನ ತುಂಡು, ಒಳಗಿನ ಸೀರೆಗಳು, ಅಸ್ತರು ಎಲ್ಲವನ್ನೂ ದಾಟಿ ಹೋಗಬೇಕು. ಕೌದಿಗೆ ಬೇರೆ ಕಟ್ಟು ಇಲ್ಲ, ಆ ಹೊಲಿಗೆಯೇ ಕಟ್ಟು. ಹಳೆಯ ಸೀರೆಯಲ್ಲಿ ಸೂಜಿ ತಾನಾಗಿ ಇಳಿಯುತ್ತಿತ್ತು, ಚಾದರ ಬಂದಾಗ ನಿಲ್ಲುತ್ತಿತ್ತು. ಗಿರಣಿಯ ಒತ್ತು ನೇಯ್ಗೆ ಸೂಜಿಗೆ ಜಾಗ ಕೊಡುವುದಿಲ್ಲ. ನನ್ನ ಬೆರಳಿನ ರಕ್ತ ಕಂದು ಬಟ್ಟೆಯಲ್ಲಿ ಕಾಣಲಿಲ್ಲ.

“ಒತ್ತು ಮಗಳೇ, ಒತ್ತು” ಎಂದಳು ಬಾಯಿ. “ಇಂಗ್ಲೆಂಡಿನ ಬಟ್ಟೆ ಅದು, ಹೇಳಿದ್ಕೂಡ್ಲೆ ಕೇಳೂದಿಲ್ಲ. ನಿನ್ನ ಅಣ್ಣನ ಹಾಂಗೆ.”

ಅವ್ವಿಯೂ ನಕ್ಕಳು. ಆ ಚಪ್ಪರದಲ್ಲಿ ಅವಳು ನಕ್ಕದ್ದು ಆಗ ಮಾತ್ರ.

ಬಾಯಿಯ ಗಂಡನ ದೋಣಿಯಲ್ಲಿ ನಾನು, ಅವ್ವಿ, ಬಾಯಿ ಕಾರವಾರಕ್ಕೆ ಹೋದೆವು. ಕೈದಿಗಳನ್ನು ಇಟ್ಟಿದ್ದ ಕಟ್ಟಡದ ಬಾಗಿಲಿನಲ್ಲಿ ಪೊಲೀಸನು ಕೌದಿಯನ್ನು ಬಿಡಿಸಿ, ಒಳಗೆ ಕಾಗದವೋ ಬ್ಲೇಡೋ ಇದೆಯೇ ಎಂದು ದಬ್ಬಣದಿಂದ ಚುಚ್ಚಿ ನೋಡಿ ಒಳಗೆ ಬಿಟ್ಟ. ಅಣ್ಣ ಕಂಬಿಯ ಹತ್ತಿರ ಬಂದ. ಗಡ್ಡ ಬೆಳೆದಿತ್ತು, ಕುತ್ತಿಗೆ ಸಣ್ಣದಾಗಿತ್ತು. ಕೌದಿಯನ್ನು ಮೂಗಿಗೆ ಹಿಡಿದ.

“ಬಲೆ ವಾಸನೆ ಬರ್ತದೆ ಅವ್ವೀ. ನನ್ನನ್ನ ಬಂಗಡೆ ಮೀನು ಅಂತ ಮಾಡಿದ್ಯಾ?”

“ಹೊದ್ಕಂಡು ಮನಗು” ಎಂದಷ್ಟೇ ಹೇಳಿದಳು ಅವ್ವಿ.

ಮರುದಿನ ಬೆಳಿಗ್ಗೆಯೇ ಅವರನ್ನು ಲಾರಿಯಲ್ಲಿ ಕಳಿಸುತ್ತಾರೆಂದು ತಿಳಿಯಿತು. ನಾವು ಬಂದಾಗ ಬಾಗಿಲ ಮುಂದೆ ಜನ ಸೇರಿತ್ತು, ಲಾರಿ ಇನ್ನೂ ಬಂದಿರಲಿಲ್ಲ. ಅಣ್ಣ ಕೌದಿಯನ್ನು ಮಡಚಿ ಕಂಬಿಯ ಹತ್ತಿರ ಇಟ್ಟುಕೊಂಡು ನಮ್ಮನ್ನೇ ಕಾಯುತ್ತಿದ್ದ. ಒಂದು ಮೂಲೆಯಲ್ಲಿ ಅಂಚಿನ ಹೊಲಿಗೆ ಬಿಚ್ಚಿತ್ತು. ಅಲ್ಲಿ ಕೆಂಪು ಗೆರೆ ಕಾಣುತ್ತಿತ್ತು. ಮಲಗಿದಾಗ ಅಂಚಿನ ದಪ್ಪ ಮಡಿಕೆ ಅವನ ಬೆರಳಿಗೆ ಸಿಕ್ಕಿರಬೇಕು. ಅಂಚು ನೋಡುವುದನ್ನು ಊರಿಗೆಲ್ಲ ಕಲಿಸಿದವನು ಅವನು.

“ಇದು ಯಾರ್ದು ಅವ್ವಿ?”

“ಅಜ್ಜಿದು.”

“ಬಣ್ಣ ಹಾಕಿ ತಂದ್ಯಾ?”

“ಹಾಕ್ದೆ. ಮಗಾ, ಬೇರೆ ಬಟ್ಟೆ ಇಲ್ಲ. ದೇವ್ರಾಣೆ ಇಲ್ಲ. ಮೈ ಉಳೀಲಿ ಮೊದ್ಲು.”

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವ್ವಿ ಜಗಳವಾಡುತ್ತಿದ್ದಳು. ಕೆಮ್ಮು ನಿಲ್ಲುವ ತನಕ ಕಂಬಿ ಹಿಡಿದುಕೊಂಡು, ಮೆಲ್ಲಗೆ ಹೇಳಿದ:

“ನಮ್ಮನೆ ಹಿಂದಿನ ಮನೆ ಅತ್ತೆ, ಗಂಡ ಸತ್ತವ್ಳು. ಮದ್ವೆ ಸೀರೆ ಒಂದೇ ಇತ್ತು ಅವಳ ಹತ್ರ. ಅದನ್ನ ಇಸ್ಕಂಡು ನಾನೇ ಬೆಂಕಿಗೆ ಹಾಕ್ದೆ. ಅವಳು ನೋಡ್ತಾ ನಿಂತಿದ್ಲು. ಈಗ ನಾನು ಇದನ್ನ ಹೊದ್ಕಂಡು ಬೆಚ್ಚಗೆ ಮನಗೂದಾ?”

“ಮೇಲೆ ಬೇರೆ ಬಟ್ಟೆ ಹಾಕಿ ಮುಚ್ಚಿ ಕೊಡ್ತೆ.”

“ಒಳಗಿದ್ರೂ ಅದೇ ಅಲ್ದಾ?”

ಅವನ ಹಿಂದೆ ಉಳಿದ ಕೈದಿಗಳು ನಿಂತಿದ್ದರು. ಅವರಲ್ಲಿ ಒಬ್ಬ ನಮ್ಮ ಊರಿನವನೇ. ಅವನು ಬೇರೆ ಕಡೆ ಮುಖ ತಿರುಗಿಸಿದ.

ಅಣ್ಣ ಪೊಲೀಸನ ಕೈಯಲ್ಲಿ ಕೌದಿಯನ್ನು ಹೊರಗೆ ಕೊಟ್ಟ. ಅವ್ವಿ ಅದನ್ನು ತೆಗೆದುಕೊಂಡು ಬಾಗಿಲ ಮುಂದಿನ ಧೂಳಿನಲ್ಲೇ ಕುಳಿತಳು. “ಅಸ್ತರು ತೆಗಿವಾ. ತೆಗೆದ್ರೆ ತಕ್ಕಂತಾನೆ” ಎಂದಳು. ಚಾಕು ಕೇಳಿದರೆ ಪೊಲೀಸನು ಕೊಡಲಿಲ್ಲ; ಬಾಗಿಲ ಹತ್ತಿರ ಯಾರೂ ಚಾಕು ತೆಗೆಯಲು ಬಿಡಲೂ ಇಲ್ಲ. ಅವಳು ಹಲ್ಲಿನಿಂದ ದಾರ ಕಡಿದಳು. ನಾನು ಇನ್ನೊಂದು ಅಂಚಿನಿಂದ ಎಳೆಯತೊಡಗಿದೆ. ಬಾಯಿ ಮೀನಿನ ಪೇಟೆಯಿಂದ ಗುರುತಿನ ಹೆಂಗಸರನ್ನು ಕರೆತಂದಳು. ಬುಟ್ಟಿಗಳನ್ನು ಬದಿಗಿಟ್ಟು ಅವರೂ ಕುಳಿತರು.

ಹೊಲಿಯುವಾಗ ಸೂಜಿಯನ್ನು ತಡೆದ ಚಾದರ ಈಗ ದಾರವನ್ನು ಬಿಡಲಿಲ್ಲ. ಒಂದೊಂದು ಹೊಲಿಗೆಯನ್ನೂ ಉಗುರಿನಿಂದ ಎತ್ತಿ ಕಡಿಯಬೇಕಾಯಿತು. ಅಂಚಿನ ಸಾಲುಗಳು ಹೋದ ಹಾಗೆ ಒಳಗಿನ ಸೀರೆಗಳು ಜಾರತೊಡಗಿದವು. ಒಬ್ಬಳು ಮುದುಕಿ ಕೈ ನಿಲ್ಲಿಸಿದಳು.

“ಗೋ ಬಾಯೆ, ಇದು ಅಸ್ತರು ತೆಗಿಯೂದಲ್ಲ. ಇಡೀ ವಾಕಳೇ ಬಿಚ್ಚಿ ಹೋಗ್ತದಲ್ಲ!” ವಾಕಳ ಎಂದರೆ ಅವರ ಮಾತಿನಲ್ಲಿ ಕೌದಿ.

ಅವ್ವಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಅವಳು ತಲೆ ಎತ್ತದೆ “ಎಳೀರಿ” ಎಂದಳು. ತುಟಿಯಲ್ಲಿ ರಕ್ತ ಇತ್ತು.

ಲಾರಿ ಬಂದಾಗ ಚಾದರ ಬಿಡುಗಡೆಯಾಗಿತ್ತು. ಅವ್ವಿ ಅದನ್ನು ಆಚೆ ಎಸೆದು, ಉಳಿದ ಸೀರೆಗಳನ್ನೂ ತುಂಡುಗಳನ್ನೂ ಬಾಚಿ ಎದೆಗೆ ಅವುಚಿಕೊಂಡು ಬಾಗಿಲಿಗೆ ಓಡಿದಳು. ಪೊಲೀಸನು ಕೈ ಅಡ್ಡ ಹಿಡಿದ.

“ನಿನ್ನೆ ಕೊಟ್ಟಿದ್ದು ಹಾಸಿಗೆ, ಬಿಟ್ಟೆ. ಇದು ಚಿಂದಿ. ಇದನ್ನ ಒಳಗೆ ಬಿಟ್ರೆ ನಾಳೆ ಯಾರಾದ್ರೂ ಹಗ್ಗ ಹೊಸೆದು ಕುತ್ತಿಗೆಗೆ ಹಾಕ್ಕೊಂಡ್ರೆ ನನ್ನ ಕೆಲಸ ಹೋಗ್ತದೆ ತಾಯಿ.”

“ಅಪ್ಪಾ, ನಿನ್ನ ಕಾಲಿಗೆ ಬೀಳ್ತೆ. ಸೂಜಿ ಅದೆ ನನ್ನ ಹತ್ರ. ಇಲ್ಲೇ ನಾಲ್ಕು ಹೊಲಿಗೆ ಹಾಕಿ ಕೊಡ್ತೆ.”

“ಹೊತ್ತಿಲ್ಲ. ಬಾಜೂ ಸರಿ.”

ಅವನು ಒರಟನಲ್ಲ, ಅವಳನ್ನು ದೂಡಲಿಲ್ಲ. ಕೈದಿಗಳು ಸಾಲಾಗಿ ಹೊರಗೆ ಬಂದರು. ಅಣ್ಣ ಹಾದು ಹೋಗುವಾಗ ಅವ್ವಿ ಒಂದು ಸೀರೆಯನ್ನು ಅವನ ಹೆಗಲಿಗೆ ಎಸೆದಳು. ಪೊಲೀಸನು ಅದನ್ನು ತೆಗೆದು ಅವಳಿಗೇ ಮರಳಿ ಕೊಟ್ಟ. ಅಣ್ಣ ಲಾರಿ ಹತ್ತಿ, ಉಳಿದವರೊಡನೆ ಘೋಷಣೆ ಕೂಗಲು ಬಾಯಿ ತೆರೆದ. ಕೆಮ್ಮು ಬಂತು. ಲಾರಿ ತಿರುಗುವ ತನಕ ಅವನು ಕೆಮ್ಮುತ್ತಲೇ ಇದ್ದ. ಅವನನ್ನು ನಾವು ಕಂಡದ್ದು ಅದೇ ಕೊನೆ.

ಮುಂದಿನದು ನಾನು ಕಂಡದ್ದಲ್ಲ, ಕೇಳಿದ್ದು. ಆ ಚಳಿಗಾಲದಲ್ಲಿ ಅವನಿಗೆ ಜ್ವರ ಎದೆಗೆ ಇಳಿಯಿತು. ಜೈಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಕೌದಿ ಇದ್ದಿದ್ದರೆ ಬದುಕುತ್ತಿದ್ದನೇ ಎಂದು ನನ್ನನ್ನು ಕೇಳಿದವರಿದ್ದಾರೆ. ನನಗೆ ಗೊತ್ತಿಲ್ಲ. ಅಜ್ಜಿ ಮಾತ್ರ ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಅಸ್ತರಿಗೆ ಕತ್ತರಿ ಹಾಕಲು ಬಿಟ್ಟಿದ್ದರೆ ಕೆಂಪು ಗೆರೆ ಅವನ ಕೈಗೆ ಸಿಗುತ್ತಿರಲಿಲ್ಲ ಎಂಬುದು ಅವಳ ಲೆಕ್ಕ. ಆಮೇಲೆ ಅವಳು ಯಾರ ಮುಂದೆಯೂ ಕೌದಿಯ ಮಾತೆತ್ತಲಿಲ್ಲ. ನಾವು ಹೊಲಿಯುವಲ್ಲಿಗೆ ಬಂದು ಕೂರುವುದನ್ನೂ ಬಿಟ್ಟಳು.

ಅಣ್ಣನ ಜೊತೆಗಿದ್ದ ನಮ್ಮೂರಿನ ತರುಣ ಬಿಡುಗಡೆಯಾಗಿ ಬಂದವನು ನೇರ ನಮ್ಮ ಚಪ್ಪರಕ್ಕೆ ಬಂದ. ಅಣ್ಣ ಕೊನೆಯಲ್ಲಿ ಏನು ಹೇಳಿದ, ಎಷ್ಟು ಧೈರ್ಯವಾಗಿದ್ದ ಎಂದು ಹೇಳಲು ಸಿದ್ಧನಾಗಿ ಬಂದಿದ್ದ. ಅವ್ವಿ ಅದೊಂದನ್ನೂ ಕೇಳಲಿಲ್ಲ.

“ಮೇಲೆ ಎಂತಾ ಹೊದ್ಕಂಡಿದ್ದ?”

“ಜೈಲಿನ ಕಂಬಳಿ ಚಿಕ್ಕಮ್ಮಾ. ನಮ್ದನ್ನೂ ಅವನ ಮೇಲೇ ಹಾಕ್ತಿದ್ವು.”

“ಎಷ್ಟು ದಪ್ಪ ಇತ್ತು?”

ಅವನು ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ಹಿಡಿದು ತೋರಿಸಿದ. ಅವಳ ಮುಖ ನೋಡಿ ಬೆರಳುಗಳನ್ನು ಸ್ವಲ್ಪ ದೂರ ಮಾಡಿದ. ಅವ್ವಿ ಅವನ ಕೈಯನ್ನು ಹಿಡಿದು ಬೆಳಕಿನ ಕಡೆಗೆ ತಿರುಗಿಸಿದಳು.

“ಸರಿಯಾಗಿ ಹೇಳು ಮಗಾ. ಇಷ್ಟಾ? ಮೊದ್ಲು ತೋರ್ಸಿದಷ್ಟಾ?”

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.