ಕಲಾಯಿ ಹೋದ ಪಾತ್ರೆ

ಇವತ್ತು ಮಗಳು ನಾನ್‌ಸ್ಟಿಕ್ ಬಾಣಲೆಯನ್ನು ಸ್ಟೀಲ್ ನಾರಿನಿಂದ ಗರಗರ ಉಜ್ಜುವ ಸದ್ದಿಗೆ ಕೊಂಡ್ಲಹಳ್ಳಿಯ ಹಿತ್ತಿಲು ನೆನಪಾಯಿತು.

ಅಲ್ಲಿ ಅಜ್ಜಿಯ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ನನ್ನ ಕೆಲಸ. ಒಮ್ಮೆ, ಒಳಗೂ ಹೊರಗಿನಷ್ಟೇ ಹೊಳೆಯಲಿ ಎಂದು ಮರಳು ಹಾಕಿ ತಿಕ್ಕಿದೆ. ಒಳಗಿನ ಬಿಳುಪೆಲ್ಲ ಹೋಗಿ ಬಂಗಾರದ ಬಣ್ಣ ಬಂತು.

“ಅಯ್ಯೋ, ಕಲಾಯಿನೇ ಕಿತ್ತು ಹಾಕಿದ್ಯಲ್ಲೇ! ಆ ತವರ ಇಲ್ದಿದ್ರೆ ಹುಳಿಸಾರು ಕಿಲುಬು ಹಿಡ್ದು ವಿಷ ಆಗ್ತೈತೆ” ಎಂದಳು ಅಜ್ಜಿ. ನನ್ನ ಕಣ್ಣು ತುಂಬಿದ್ದು ಕಂಡಿತೇನೋ, ಪಾತ್ರೆಯನ್ನು ನಡುಮನೆಯ ಗೂಡಿನಲ್ಲಿಟ್ಟಳು. ಕಲಾಯಿಯವನು ಊರಿಗೆ ಬರುವವರೆಗೂ ಬಂದವರಿಗೆಲ್ಲ ತೋರಿಸಿ, “ನಮ್ಮ ಹುಡುಗಿ ಬೆಳಗಿದ್ದು” ಎನ್ನುತ್ತಿದ್ದಳು.

“ನೋಡವ್ವಾ, ಹೆಂಗೆ ಹೊಳೀತೈತೆ!” ಮಗಳು ಬಾಣಲೆ ಎತ್ತಿ ಹಿಡಿದಳು. ಕಪ್ಪು ಲೇಪವೆಲ್ಲ ಎದ್ದು ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತಿತ್ತು. ಬೈಯಲು ಬಾಯಿ ತೆರೆದವಳು, ಅದನ್ನು ನಡುಮನೆಯ ಗೋಡೆಗೆ ತೂಗುಹಾಕಲು ಮೊಳೆ ಹುಡುಕತೊಡಗಿದೆ.